ಅಂಬಾಜಿದುರ್ಗದ ಮೇಲೆ ಕಬ್ಬಿಣದ ಬಟ್ಟಿನ ವಿಶಿಷ್ಟೋಷ್ಣ

ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖವೇ ಅದರ ವಿಶಿಷ್ಟೋಷ್ಣ. ನೀರಿಗೆ ಇದು 4.18 ಜೂಲ್, ಕಬ್ಬಿಣಕ್ಕೆ 0.45, ಸೀಸಕ್ಕೆ 0.13. ಉತ್ತರ ಪುಸ್ತಕದಲ್ಲೇ ಅಚ್ಚಾಗಿರುವಾಗ ಅಳೆಯುವುದೇಕೆ ಎಂಬುದು ಪೂರ್ವಪಕ್ಷ. ಪ್ರಾಯೋಗಿಕ ಪರೀಕ್ಷೆಗೆ ಅಂಕಗಳಿವೆ ಎಂಬುದು ಸಿದ್ಧಾಂತ.

ಲೋಹದ ಆಯ್ಕೆಯಲ್ಲಿ ವಿವೇಕ ಬೇಕು. ಹಿತ್ತಾಳೆ ಚೊಂಬನ್ನು ದೇವರ ಮನೆ ಬಿಟ್ಟುಕೊಡದು. ತಾಮ್ರದ ಹಂಡೆಯನ್ನು ಪ್ರಯೋಗ ನಡೆಯುವ ಅಂಬಾಜಿದುರ್ಗದ ಬೆಟ್ಟ ಹತ್ತಿಸುವವರಿಲ್ಲ. ಉಳಿಯುವುದು ಚಿಂತಾಮಣಿ ಸಂತೆಯ ಅರ್ಧ ಕೇಜಿ ಕಬ್ಬಿಣದ ಬಟ್ಟು. ಅದು ನಿಜಕ್ಕೂ ಅರ್ಧ ಕೇಜಿಯೇ ಎಂಬುದು ಟೊಮೆಟೊ ಕೊಂಡವರೆಲ್ಲ ಎತ್ತಿರುವ ಪ್ರಶ್ನೆಯಾದ್ದರಿಂದ, ಮೊದಲು ಬೇರೆ ತಕ್ಕಡಿಯಲ್ಲಿ ತೂಗತಕ್ಕದ್ದು.

ಬಟ್ಟಿಗೆ ದಾರ ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಳಿಬಿಟ್ಟು, ಥಟ್ಟನೆ ಎತ್ತಿ, 25 ಡಿಗ್ರಿಯ 250 ಗ್ರಾಂ ತಣ್ಣೀರಿಗೆ ಹಾಕಬೇಕು. ಎತ್ತುವಾಗ ಕೊಡವಲೇಬೇಕು: ಅಂಟಿಕೊಂಡು ಬರುವ ಒಂದು ಗ್ರಾಂ ಬಿಸಿನೀರು ಒಂಬತ್ತು ಗ್ರಾಂ ಕಬ್ಬಿಣದಷ್ಟು ಶಾಖ ಹೊತ್ತು ತರುತ್ತದೆ. ತಣ್ಣೀರಿನ ಪಾತ್ರೆಯನ್ನು ಇನ್ನೊಂದು ಪಾತ್ರೆಯೊಳಗಿಟ್ಟು, ನಡುವೆ ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಬಳಿ ಉಳಿದ ರೇಷ್ಮೆ ಕಸ ತುಂಬಿದರೆ ಶಾಖ ಸೋರುವುದು ತಗ್ಗುತ್ತದೆ. ಒಳಪಾತ್ರೆ ತೆಳುವಾಗಿರಲಿ, ಅದು ಹೀರುವ ಶಾಖವನ್ನೂ ಲೆಕ್ಕಕ್ಕೆ ಸೇರಿಸಬೇಕು. ಪಾತ್ರೆಯ ಪಾಲನ್ನು ಬಿಟ್ಟರೆ ನೀರು 37.5 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಧಾರಾಳವಾಗಿ ಅರ್ಧ ಲೀಟರ್ ಸುರಿದವರಿಗೆ ಏಳು ಡಿಗ್ರಿಯ ಏರಿಕೆಯೂ ಸಿಗದು. ಆಗ ಉಷ್ಣತಾಮಾಪಕ ಓದುವಾಗಿನ ಅರ್ಧ ಡಿಗ್ರಿ ತಪ್ಪೂ ದೊಡ್ಡದೇ.

ಇಷ್ಟಾದ ಮೇಲೆ ಬೆಟ್ಟ ತನ್ನ ಅಭಿಪ್ರಾಯ ಹೇಳುತ್ತದೆ. ದುರ್ಗದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 95.5 ಡಿಗ್ರಿಗೇ ಕುದಿಯುತ್ತದೆ. ಬಟ್ಟಿನ ಆರಂಭದ ತಾಪವೆಂದು ಲೆಕ್ಕಕ್ಕೆ ಇದನ್ನು ಹಾಕಿದರೆ 0.45 ಬರುತ್ತದೆ, ಪುಸ್ತಕ ನಂಬಿ 100 ಹಾಕಿದರೆ ಕಬ್ಬಿಣ 0.42ಕ್ಕೆ ಇಳಿಯುತ್ತದೆ.

ಲೆಕ್ಕದಲ್ಲಿ ಎರಡು ಸಂಪ್ರದಾಯಗಳುಂಟು. ಅಧೋಮುಖಿಗಳು ಅಳತೆಯಿಂದ ಉತ್ತರಕ್ಕೆ ಬರುತ್ತಾರೆ. ಊರ್ಧ್ವಮುಖಿಗಳು ರೆಕಾರ್ಡ್ ಬುಕ್ಕಿನ ಕೊನೆಯ ಸಾಲಿನಲ್ಲಿ 0.45 ಬರೆದು, ಅಲ್ಲಿಂದ ಮೇಲೆ ಮೇಲೆ ಹೋಗಿ ಉಷ್ಣತಾಮಾಪಕ ಏನು ತೋರಿಸಬೇಕಿತ್ತೆಂದು ಕಂಡುಹಿಡಿಯುತ್ತಾರೆ. ಸಂಖ್ಯಾಬಲದಲ್ಲಿ ಇವರೇ ಮುಂದು, ಸೀಮೆಎಣ್ಣೆಯ ಉಳಿತಾಯವೂ ಇವರದೇ. ಆದರೆ ಇವರ ಪುಟಗಳಲ್ಲಿ ಬೆಟ್ಟದ ಮೇಲಿನ ನೀರು ತಪ್ಪದೆ 100 ಡಿಗ್ರಿಗೆ ಕುದಿದಿರುತ್ತದೆ. ಒಲೆ ಹಚ್ಚಿರಲಿಲ್ಲ ಎನ್ನಲು ಪರೀಕ್ಷಕರಿಗೆ ಅಷ್ಟು ಸಾಕು.