ಮೂರು ವೋಲ್ಟಿನ ಪ್ರತಿಷ್ಠೆ

ಮಾಡಗ್ಯಾಳದಲ್ಲಿ ಮನುಷ್ಯರಿಗಿಂತ ಟಗರಿಗೆ ಬೆಲೆ ಹೆಚ್ಚು. ಇದು ಬೈಗುಳವಲ್ಲ, ಸಂತೆಯ ಲೆಕ್ಕ. 2020ರಲ್ಲಿ ಇದೇ ಸಾಂಗ್ಲಿ ಜಿಲ್ಲೆಯ ಆಟಪಾಡಿಯಲ್ಲಿ, ನಮ್ಮೂರಿನ ಹೆಸರು ಹೊತ್ತ ತಳಿಯ ಟಗರೊಂದಕ್ಕೆ ಗಿರಾಕಿಯೊಬ್ಬ 70 ಲಕ್ಷ ರೂಪಾಯಿ ಕೊಡುತ್ತೇನೆಂದ. ಒಡೆಯ ಒಲ್ಲೆ ಅಂದ. ಆ ಸುದ್ದಿ ಪೇಪರಿನಲ್ಲಿ ಬಂದಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಹಟ್ಟಿಯಲ್ಲೂ ಒಂದು ಟಗರಿತ್ತು. ಗಿಳಿಮೂಗು, ಜೋಲುಕಿವಿ, ಬಿಳಿ ಮೈಮೇಲೆ ಕಂದು ಮಚ್ಚೆ, ಲಕ್ಷಣಗಳೆಲ್ಲ ಇದ್ದವು. ಗಿರಾಕಿ ಒಬ್ಬ ಇರಲಿಲ್ಲ, ಅಷ್ಟೆ. ಗಿರಾಕಿಗಿಂತ ಮೊದಲು ತೋಳ ಬಂದರೆ?

ಮನೆಯಲ್ಲಿ ಅಪ್ಪನ ಕಾಲದ ಮೂರು ಸೆಲ್ಲಿನ ಬ್ಯಾಟ್ರಿ ಇತ್ತು. ಅಪ್ಪ ಮುಗಿದ ಸೆಲ್ಲುಗಳನ್ನು ಮಾಳಿಗೆ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟು ಮತ್ತೊಂದೆರಡು ರಾತ್ರಿ ಉರಿಸುತ್ತಿದ್ದ. ನಾನು ಸೆಲ್ಲು ಹಾಕಿ ಕಪಾಟಿನಲ್ಲಿಟ್ಟು ಮರೆತಿದ್ದೆ. ಈಗ ಮುಚ್ಚಳ ತಿರುವಿದರೆ ತಿರುಗಲೊಲ್ಲದು. ಸೀಮೆಎಣ್ಣೆ ಬಿಟ್ಟು, ಅರಿವೆ ಸುತ್ತಿ, ಬಾಗಿಲ ಸಂದಿಗೆ ಸಿಗಿಸಿ ತಿರುವಿದಾಗ ಕಿರ್ ಎಂದು ಬಿಚ್ಚಿತು. ಒಳಗೆ ಸತುವಿನ ಡಬ್ಬಿ ತೂತುಬಿದ್ದು ರಸ ಸೋರಿತ್ತು. ಸ್ಪ್ರಿಂಗಿಗೆ ಬಿಳಿ ಹಸಿರು ಬೂಷ್ಟು ಹಿಡಿದಿತ್ತು. ಸೆಲ್ಲು ಉಬ್ಬಿ ಕೊಳವೆಗೇ ಕಚ್ಚಿಕೊಂಡಿತ್ತು. ಕಲ್ಲಿಗೆ ಬಡಿದೆ. ಸೆಲ್ಲು ಹೊರಗೆ ಬರಲಿಲ್ಲ, ಮುಂದಿನ ಗಾಜು ಬಂತು.

“ಮಾಮಾ, ಈಗ ಲಿಥಿಯಂ ಕಾಲ ಅದ,” ಅಂದ ಹೆಂಡತಿಯ ತಮ್ಮ. “ಸೋರೂದಿಲ್ಲ, ಹತ್ತ ವರ್ಷ ಇಟ್ರೂ ಕೆಡೂದಿಲ್ಲ.” ಬಳಸಿ ಬಿಸಾಡುವ ಲಿಥಿಯಂ ಸೆಲ್ಲಿನ ಮಟ್ಟಿಗೆ ಅವನ ಮಾತು ಬಹುತೇಕ ಖರೆ.

ನಾನು ನಾಲ್ಕಕ್ಷರ ಕಲಿತವನು, ಲೆಕ್ಕ ಹಾಕದೆ ಕೊಳ್ಳುವವನಲ್ಲ. ಒಂದು ಹೊಸ ಬ್ಯಾಟ್ರಿಯ ಡಬ್ಬಿಯ ಮೇಲೆ 10,000 ಲ್ಯೂಮೆನ್ ಎಂದಿತ್ತು. ನೋಡಿ ನಕ್ಕೆ. ಹಿಂದಿನ 60 ವಾಟಿನ ಬಲ್ಬಿನ ಬೆಳಕೇ ಸುಮಾರು 700 ಲ್ಯೂಮೆನ್. ಇವರು ಹಾಕಿಕೊಳ್ಳಿ ಎನ್ನುವ ಸಿಆರ್123ಎ ಸೆಲ್ಲು ಹೆಬ್ಬೆರಳಿನ ತುದಿಯಷ್ಟು: 3 ವೋಲ್ಟು, ಸುಮಾರು 1,500 ಮಿಲಿಆಂಪ್ ಅವರ್. ಎರಡು ಸೇರಿದರೆ 9 ವಾಟ್ ಅವರ್. ಎಲ್‌ಇಡಿ ವಾಟಿಗೆ 100 ಲ್ಯೂಮೆನ್ ಕೊಟ್ಟರೂ 10,000ಕ್ಕೆ 100 ವಾಟು ಬೇಕು. ಪಾಪದ ಸೆಲ್ಲುಗಳು ಹೇಗೋ ಕೊಟ್ಟವೆಂದೇ ಇಟ್ಟುಕೊಳ್ಳಿ, ಐದಾರು ನಿಮಿಷಕ್ಕೆ ಶಿವಾಯ ನಮಃ. ಹಾಗಾಗಿ ಅದೇ ಸೆಲ್ಲು ಹಾಕುವ, 500 ಲ್ಯೂಮೆನ್ ಎಂದು ಮರ್ಯಾದೆಯಿಂದ ಬರೆದುಕೊಂಡಿದ್ದ, ಕೈಗೆಟುಕುವ ಬೆಲೆಯದೊಂದನ್ನು ಆರಿಸಿದೆ. ‘200 ಮೀಟರ್’ ಎಂಬುದಕ್ಕೂ ಮರುಳಾಗಲಿಲ್ಲ. ಅಷ್ಟು ದೂರದಲ್ಲಿ ಬೀಳುವುದು ಕಾಲು ಲಕ್ಸ್, ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳದಿಂಗಳು. ಇಷ್ಟೆಲ್ಲ ತಿಳಿದ ಮೇಲೆ ಆ ಸೆಲ್ಲು ಎಲ್ಲಿ ಸಿಗುತ್ತದೆಂದು ಕೇಳುವುದು ಸಣ್ಣತನ ಅನ್ನಿಸಿತು. ಅಂಗಡಿಯಲ್ಲಿ ಸಿಗದೆ ಬಾವಿಯಲ್ಲಿ ಸಿಗುತ್ತದೆಯೇ?

ಬ್ಯಾಟ್ರಿ ಬಂದ ವಾರ ಊರಿಗೆಲ್ಲ ದೀಪಾವಳಿ. ಬೇವಿನ ಮರದ ತುದಿ, ಗುಡಿಯ ಕಳಸ, ನೀರಿನ ಟಾಕಿ, ಆಚೆ ಹೊಲದ ದಾಳಿಂಬೆ ಗಿಡ, ಎಲ್ಲದರ ಮೇಲೂ ಬೆಳಕು ಬಿಟ್ಟೆ. ಕೇಳಿದವರಿಗೆ ತೋರಿಸಿದೆ, ಕೇಳದವರನ್ನು ಕರೆದು ತೋರಿಸಿದೆ. ರಾತ್ರಿ ಪಾಳಿಯ ಕರೆಂಟಿಗೆ ಪಂಪು ಚಾಲೂ ಮಾಡಲು ಹೊರಟ ರೈತರನ್ನು, ಅವರು ಬ್ಯಾಡೋ ಮಾರಾಯಾ ಅಂದರೂ, ಹೊಲದತನಕ ಕಳಿಸಿ ಬಂದೆ. ಛಟ್ಟಿ ಅಮವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ನಡೆದುಹೋಗುವವರ ಮುಂದೆ ನಿಂತು ದಾರಿ ತೋರಿಸಿದೆ. ಅವರಿಗೆ ದಾರಿ ಗೊತ್ತಿತ್ತು.

ಅಮವಾಸ್ಯೆ ಕಳೆದಿರಲಿಲ್ಲ, ನಡುರಾತ್ರಿ ನಾಯಿ ಬೊಗಳಿತು. ಹಟ್ಟಿಯ ಹಿಂದೆ ಬೆಳಕು ಬಿಟ್ಟರೆ ಎರಡು ಕಣ್ಣು ಹಸಿರಾಗಿ ಹೊಳೆದವು. “ತೋಳ! ತೋಳ!” ಎಂದು ಚೀರಿದೆ. ಅದೇ ಗಳಿಗೆಗೆ ಬ್ಯಾಟ್ರಿ ಆರಿತು. ಹಳೇ ಸೆಲ್ಲು ಮುಗಿಯುವಾಗ ಮೊದಲು ಕೆಂಪಾಗಿ, ಆಮೇಲೆ ಮಬ್ಬಾಗಿ, ಹೇಳಿ ಕೇಳಿ ಹೋಗುತ್ತದೆ. ಲಿಥಿಯಂ ಸೆಲ್ಲು ಕೊನೆಯ ಹಂತದವರೆಗೂ ವೋಲ್ಟೇಜು ಅಷ್ಟಾಗಿ ಇಳಿಸುವುದಿಲ್ಲ. ಬೆಳಕನ್ನು ಒಂದೇ ಸಮ ಹಿಡಿದಿಡುವ ಸರ್ಕಿಟ್ಟೂ ಜತೆಗಿದ್ದರೆ ಪೂರ್ತಿ ಬೆಳಕು, ಅದರ ಬೆನ್ನಿಗೇ ಪೂರ್ತಿ ಕತ್ತಲೆ. ಈ ಉನ್ನತ ಗುಣದ ಬಗ್ಗೆ ಕತ್ತಲಲ್ಲಿ ನಿಂತು ಯೋಚಿಸುತ್ತಿದ್ದಾಗ ತೋಳ ಓಡಿಬಂದು ಹೊಟ್ಟೆಗೆ ಗುದ್ದಿತು. ತೋಳಗಳು ಗುದ್ದುವುದಿಲ್ಲ ಎಂಬುದು ತಿಪ್ಪೆಯಲ್ಲಿ ಕುಂತ ಮೇಲೆ ಹೊಳೆಯಿತು. ಹಗ್ಗ ಬಿಚ್ಚಿಕೊಂಡ ನನ್ನದೇ ಟಗರು! ಬೆಳಕು ಬಿದ್ದರೆ ಕುರಿಯ ಕಣ್ಣೂ ಹೊಳೆಯುತ್ತದೆ. ಪುಣ್ಯಕ್ಕೆ ಅದಕ್ಕೆ ಕೋಡಿರಲಿಲ್ಲ. ಹೆಂಡತಿ ಮೊಬೈಲಿನ ಬೆಳಕು ಹಿಡಿದು ಬಂದು, ಮೊದಲು ಟಗರಿನ ಮೈ ಸವರಿ ನೋಡಿ, ಆಮೇಲೆ “ನಿಮಗೇನರ ಆತೇನ್ರಿ?” ಅಂದಳು.

ಮರುದಿನದಿಂದ ಸೆಲ್ಲಿನ ಬೇಟೆ. ಸಂತೆಯಲ್ಲಿ ಗಡಿಯಾರ ರಿಪೇರಿಯವನು ಬಿಲ್ಲೆಯಂಥ ಸಿಆರ್2032 ತೆಗೆದು ಮುಂದಿಟ್ಟ. “ಇದೂ ಲಿಥಿಯಂ, ಇದೂ ಮೂರ ವೋಲ್ಟ್. ನೀವು ಕೇಳಿದ್ದು ಬರೀ ನೂರಾ ಇಪ್ಪತ್ಮೂರು. ಇದು ಎರಡ ಸಾವಿರದ ಮೂವತ್ತೆರಡು ಅದರಿ ಸರ!” ಆ ಅಂಕಿ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಅಳತೆ ಎಂದು ಬಿಡಿಸಿ ಹೇಳಿದೆ. ಇಷ್ಟು ತಿಳಿದವರು ಸೆಲ್ಲಿಗೆ ಯಾಕೆ ಅಲೆಯುತ್ತೀರಿ ಎಂಬಂತೆ ನೋಡಿದ.

ಜತ್ತದ ಮೊಬೈಲ್ ಅಂಗಡಿಯ ಹುಡುಗ ಸಿಆರ್123ಎ ಅಳತೆಯದೇ, ಆದರೆ ಚಾರ್ಜ್ ಮಾಡುವ ಸೆಲ್ಲು ಕೊಟ್ಟ. ತುಂಬಿದಾಗ ಅದು 4.2 ವೋಲ್ಟು. 6 ವೋಲ್ಟಿಗೆಂದು ಮಾಡಿದ ಬ್ಯಾಟ್ರಿಗೆ ಎರಡು ಹಾಕಿದರೆ 8.4. ಹಾಕಿದ್ದರೆ ಬಹಳ ಚೆನ್ನಾಗಿ ಬೆಳಗುತ್ತಿತ್ತು, ಒಂದೇ ಸಲ. ಹೆಂಡತಿಯ ತಮ್ಮ ಮುಗಿದ ಸೆಲ್ಲುಗಳನ್ನೇ ಚಾರ್ಜರಿಗೆ ಸಿಗಿಸಲು ಹೊರಟ. ಕಿತ್ತುಕೊಂಡೆ, ಬಿಸಾಡುವ ಲಿಥಿಯಂ ಸೆಲ್ಲನ್ನು ಚಾರ್ಜಿಗಿಟ್ಟರೆ ಸಿಡಿಯಬಹುದು. ಅಪ್ಪನ ಬಿಸಿಲಿನ ಉಪಚಾರವೂ ಇದಕ್ಕೆ ನಡೆಯದು. ಕೊನೆಗೆ ವಿಜಯಪುರದ ಫೋಟೋ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಒಂದೇ ಒಂದು. ಹೊಸದರ ಜತೆ ಹಳೆಯದನ್ನು ಜೋಡಿಸುವಂತಿಲ್ಲ. ಬಲವಾದದ್ದು ಬತ್ತಿದ್ದನ್ನು ಉಲ್ಟಾ ದೂಡಿ, ಅದು ಕಾದು ಬೆಂಕಿಯೇ ಹತ್ತಬಹುದು. ಬಸ್ಸಿನ ಖರ್ಚೂ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ.

ಈಗ ನನ್ನ ಕೈಯಲ್ಲಿರುವುದು ಎರಡು ಪೆನ್ಸಿಲ್ ಸೆಲ್ಲಿನ ಬ್ಯಾಟ್ರಿ. ಎಎ ಅಳತೆಯಲ್ಲೂ ಬಿಸಾಡುವ ಲಿಥಿಯಂ ಬರುತ್ತದೆ. 1.5 ವೋಲ್ಟು, 15 ಗ್ರಾಂ ತೂಕ, ಬಳಸದೆ ಇಟ್ಟರೆ ಇಪ್ಪತ್ತು ವರ್ಷ ಬಾಳುತ್ತದೆಂದು ತಯಾರಿಸುವವರ ಮಾತು. ಬೆಲೆ ಜೋರು, ಆದರೆ ಅದು ಮುಗಿದ ರಾತ್ರಿ ಕಿರಾಣಿ ಅಂಗಡಿಯ ಸಾದಾ ಸೆಲ್ಲು ಹಾಕಿದರೂ ದೀಪ ಹತ್ತುತ್ತದೆ. ಬೆಳಕು ತುಸು ಕಮ್ಮಿ. ಟಗರನ್ನು ಟಗರೆಂದು ಗುರುತಿಸಲು ಸಾಕು.

ಓದುಗರಲ್ಲಿ ವಿನಂತಿ ಇಷ್ಟೆ. ಲ್ಯೂಮೆನ್ ಎಷ್ಟೆಂದು ಆಮೇಲೆ ಕೇಳಿ. ಮೊದಲು ನಿಮ್ಮೂರ ಅಂಗಡಿಗೆ ಹೋಗಿ ಯಾವ ಸೆಲ್ಲು ಸಿಗುತ್ತದೆ ನೋಡಿ, ಅದಕ್ಕೆ ಹೊಂದುವ ಬ್ಯಾಟ್ರಿ ಕೊಳ್ಳಿ. ಲಿಥಿಯಂ ಬೇಕೆಂದರೆ ಅದೇ ಅಳತೆಯದನ್ನು ತರಿಸಿ, ಜೋಡಿ ಹೊಸದನ್ನೇ ಹಾಕಿ. ಊರಿಗೆಲ್ಲ ತೋರಿಸುವ ಆಸೆಯಿದ್ದರೆ ಹಗಲಲ್ಲಿ ತೋರಿಸಿ, ಸೆಲ್ಲು ಉಳಿಯುತ್ತದೆ.