ಪರಿಸರ ಸಂಸ್ಥೆಗೆ ಸೇರಿದವರ ಕೈಪಿಡಿ (ಬೆಂಗಳೂರಿನ ಜೀವನ್ ಬಿಮಾ ನಗರ ಮಾದರಿ)

ಅಭಿನಂದನೆಗಳು, ಕೆಲಸ ಸಿಕ್ಕಿದೆ. ಬಳಸುವ ಮುನ್ನ ಸೂಚನೆಗಳನ್ನು ಪೂರ್ತಿ ಓದಿ. ಸಂಬಳ ಎಷ್ಟೆಂದು ಮನೆಯವರಿಗೆ ಹೇಳುವುದು ಐಚ್ಛಿಕ.

ಚಾಲೂ ಮಾಡುವುದು. ಬೆಳಗ್ಗೆ ಆರೂವರೆಗೆ, ಕಸದ ಆಟೋ ಬರುವುದಕ್ಕೆ ಮುಂಚೆ, ಜೀವ ವಿಮಾ ನಿಗಮ ಕಟ್ಟಿಸಿದ ಹಳೇ ಮನೆಗಳ ಗೇಟಿನ ಹತ್ತಿರ ನಿಲ್ಲಿ. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಡಯಾಪರ್, ಪ್ಯಾಡು, ಚೀಲಕ್ಕೆ ಒಣ ಕಸ. ಹೈಕೋರ್ಟು 2015ರ ಡಿಸೆಂಬರ್‌ನಲ್ಲೇ ಹೀಗೆಂದು ಆದೇಶ ಕೊಟ್ಟಿದೆ. ಆದರೆ ಕೋರ್ಟಿನ ಸುದ್ದಿ ಎತ್ತಬೇಡಿ. ಪ್ರತಿ ಮನೆಯಲ್ಲೂ ಒಬ್ಬ ಲಾಯರ್ ಭಾಮೈದ ಇರುತ್ತಾನೆ. "ಆಂಟೀ, ಹಾಲಿನ ಕವರು ಇದ್ರಲ್ಲಿ ಬೇಡ" ಎಂದಷ್ಟೇ ಹೇಳಿ. "ನಾವು ಬೇರೆ ಮಾಡಿ ಕೊಟ್ರೂ ಆಟೋದಲ್ಲಿ ಒಟ್ಟಿಗೇ ಸುರೀತಾರಲ್ಲಪ್ಪಾ" ಎಂಬ ಉತ್ತರ ಬರುತ್ತದೆ. ಒಮ್ಮೊಮ್ಮೆ ಅದು ನಿಜವೇ. ಜಗಳಕ್ಕೆ ಮುಂಚೆ ಆಟೋದ ಹಿಂದೆ ಹೋಗಿ ನೋಡಿ. ಅಲ್ಲಿ ನೇತುಬಿಟ್ಟ ಗೋಣಿಚೀಲಗಳಲ್ಲಿ ಬಾಟ್ಲಿ, ರಟ್ಟು, ಕವರು ಬೇರೆಬೇರೆಯಾಗಿ ಕೂತಿದ್ದರೆ, ಬರಿಗೈಯಲ್ಲಿ ಆರಿಸಿ ತುಂಬಿದ್ದು ಪೌರಕಾರ್ಮಿಕ ಅಕ್ಕ. ಅವರಿಗೆ ತರಬೇತಿ ಕೊಡಲು ಹೋಗಬೇಡಿ. "ಅಕ್ಕಾ, ಯಾವ ಮನೆಯೋರು ಸರಿಯಾಗಿ ಕೊಡಲ್ಲ?" ಎಂದು ಕೇಳಿ. ಆರು ತಿಂಗಳ ಸಮೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ವರದಿಯಲ್ಲಿ ಇದಕ್ಕೆ "ಸಹಭಾಗಿತ್ವದ ಅಧ್ಯಯನ" ಎನ್ನುವುದು ವಾಡಿಕೆ.

ಇಂಧನ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ದುಡ್ಡಿನಲ್ಲಿ ಸಸಿ ಬರುತ್ತದೆ, ಟೀ ಶರ್ಟೂ ಬರುತ್ತದೆ. ಸಸಿಗೆ ನೀರು ಹಾಕುವವರ ಸಂಬಳ ಕೇಳಿದರೆ ಮಾತ್ರ ಮೀಟಿಂಗ್ ಮುಂದಕ್ಕೆ ಹೋಗುತ್ತದೆ. ವಿದೇಶಿ ದೇಣಿಗೆಯಾದರೆ, 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ, ಹಣವೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯೊಂದಕ್ಕೇ ಬಂದಿಳಿಯಬೇಕು. ಯಾರ ಜೊತೆ ಬೇಕಾದರೂ ಮುನಿಸಿಕೊಳ್ಳಿ, ಲೆಕ್ಕ ಬರೆಯುವವರ ಜೊತೆ ಬೇಡ.

ಜೂನ್ 5, ಪರಿಸರ ದಿನ. ಹೊಂಗೆ ಸಸಿ, ಬಟ್ಟೆ ಬ್ಯಾನರು ತಂದಿಟ್ಟುಕೊಳ್ಳಿ. ಗುಂಡಿ ತೋಡಿಸಬೇಕಿಲ್ಲ, ಹೋದ ವರ್ಷದ್ದು ಖಾಲಿಯೇ ಇರುತ್ತದೆ. ಹತ್ತು ಜನ ಒಂದೇ ಸಸಿ ಹಿಡಿದು ಫೋಟೊಗೆ ನಿಂತರೆ ಹತ್ತು ಸಸಿ ಎಂದು ಬರೆಯಬೇಡಿ.

ದೋಷ ನಿವಾರಣೆ. ಭಾನುವಾರ ಬೆಳಗ್ಗೆ "ನಮ್ಮ ರೋಡಲ್ಲಿ ಮರ ಕಡೀತಾವ್ರೆ, ಬೇಗ ಬನ್ನಿ" ಎಂದು ಫೋನ್ ಬರುತ್ತದೆ. ಸ್ನಾನ ಬಿಟ್ಟು ಓಡಿ. ಕರೆದವರು ಬಾಲ್ಕನಿಯಿಂದ ಕೈ ಬೀಸುತ್ತಾರೆ, ಕೆಳಗೆ ಇಳಿಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಪತ್ರ ತೋರಿಸಿ ಎಂದು ಗರಗಸದವರನ್ನು ಕೇಳಿ. ತೋರಿಸಿದರೆ, ಅರ್ಜಿ ಹಾಕಿದವರ ವಿಳಾಸವನ್ನೂ ಒಮ್ಮೆ ಓದಿ. ಬಾಲ್ಕನಿಯ ಅದೇ ಅಪಾರ್ಟ್‌ಮೆಂಟಿನ ಸಂಘ. ಕಾರಣ, ಕಾರಿನ ಮೇಲೆ ಎಲೆ ಬೀಳುತ್ತಿದೆ.