ಒಳಾಂಗಣ ಹಸಿರೂ ಮನಶ್ಶಾಂತಿಯೂ: ನೀಲಗುಂದದ ಒಂದು ಪಡಸಾಲೆಯನ್ನು ಅನುಲಕ್ಷಿಸಿ

ವಿಷಯ ಪ್ರವೇಶ

ಮನೆಯೊಳಗೆ ಗಿಡ ಇಟ್ಟರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂಬ ಸಿದ್ಧಾಂತವು ಬೆಂಗಳೂರಿನಿಂದ ಹೊರಟು, ಚಿತ್ರದುರ್ಗ ಹಾದು, ನಮ್ಮ ದೊಡ್ಡಪ್ಪನ ಮಗನ ಕಾರಿನ ಡಿಕ್ಕಿಯಲ್ಲಿ ನೀಲಗುಂದಕ್ಕೆ ಬಂತು. ಕೊಳಗದಷ್ಟು ಅಗಲ ಬಾಯಿಯ ಬಿಳಿ ಪಿಂಗಾಣಿ ಕುಂಡ. ಅದರಲ್ಲಿ ಒಂದು ಮನಿ ಪ್ಲಾಂಟ್. "ಪಡಸಾಲ್ಯಾಗ ಇಡ್ರಿ, ಟೆನ್ಶನ್ ಕಡಿಮಿ ಆಗ್ತೈತಿ" ಎಂದು ಹೇಳಿದ ಅಣ್ಣ, ಫೋನಿನಲ್ಲಿ ಯಾರಿಗೋ ಕೂಗಾಡುತ್ತ ಅದೇ ಸಂಜೆ ವಾಪಸು ಹೋದ. ಕುಂಡ ಉಳಿಯಿತು. ಯಾವ ವಿಷಯದಲ್ಲೂ ಡಾಕ್ಟರೇಟ್ ಪಡೆಯದೆ ನಲವತ್ತು ದಾಟಿದ ಪ್ರಸ್ತುತ ಸಂಶೋಧಕನಿಗೆ ವಿಷಯ ತಾನಾಗಿ ಮನೆ ಬಾಗಿಲಿಗೆ ಬಂದದ್ದು ಹೀಗೆ.

ಕ್ಷೇತ್ರ ಪರಿಚಯ

ನೀಲಗುಂದ ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕು ಎಲ್ಲಿದೆ ಎಂಬುದು ಕೇಳಿದ ವರ್ಷದ ಮೇಲೆ ನಿಂತಿದೆ. 1953ರವರೆಗೆ ಮದರಾಸಿನಲ್ಲಿತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ಜೊತೆಗೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಕಿತ್ತು ದಾವಣಗೆರೆಯಲ್ಲಿ ನೆಟ್ಟರು. 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಒಂದೇ ಗಿಡಕ್ಕೆ ಇಷ್ಟು ಸಲ ಕುಂಡ ಬದಲಿಸಬಾರದೆಂದು ತೋಟಗಾರಿಕೆ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ.

ಸ್ಥಳನಾಮದ ನಿಷ್ಪತ್ತಿಯಿಲ್ಲದೆ ಕನ್ನಡದಲ್ಲಿ ಸಂಶೋಧನೆ ಪೂರ್ಣವಾಗುವುದಿಲ್ಲ. 'ಗುಂದ' ಎಂಬುದು 'ಕುಂಡ'ದಿಂದಲೇ ಬಂದದ್ದು, ಆದ್ದರಿಂದ ಊರಿಗೆ ಊರೇ ಒಂದು ಕುಂಡ ಎಂದು ಸಂಶೋಧಕ ವಾದಿಸಬಲ್ಲ. ವಾದಿಸುವುದಿಲ್ಲ, ಇದೇ ಊರಲ್ಲಿ ಬಾಳಬೇಕು.

ಪ್ರಾಚೀನ ಆಧಾರ

ಪ್ರಕೃತಿಯನ್ನು ಒಳಗೆ ತರುವ ಕೆಲಸ ಇಲ್ಲಿ ಹೊಸದಲ್ಲ. ಊರಿನ ಭೀಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅಲೆಗ್ಸಾಂಡರ್ ರೀ ಎಂಬ ಬ್ರಿಟಿಷ್ ಪಂಡಿತ ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳನ್ನು ಅಳೆದು 1896ರಲ್ಲೇ ಗ್ರಂಥ ಮಾಡಿದ. ಈ ಶೈಲಿಯ ಗುಡಿಗಳ ಬಾಗಿಲವಾಡದ ಪಟ್ಟಿಗಳಿಗೆ ಶಿಲ್ಪಶಾಸ್ತ್ರದಲ್ಲಿ 'ಶಾಖೆ' ಎಂದೇ ಹೆಸರು. ಕೊಂಬೆ ಎಂದಮೇಲೆ ಬಳ್ಳಿ ಹಬ್ಬಲೇಬೇಕಲ್ಲ; ಬಳಪದ ಕಲ್ಲಿನಲ್ಲಿ ಸುರುಳಿ ಸುತ್ತಿ ಹಬ್ಬಿದೆ. ಒಂಬೈನೂರು ವರ್ಷ ಯಾರೂ ನೀರು ಹಾಕಿಲ್ಲ, ಒಂದೆಲೆ ಬಾಡಿಲ್ಲ. ವಾರಕ್ಕೆರಡು ಸಲ ನೀರು ಕೇಳುವ ಆಧುನಿಕ ತಳಿಗಳು ಇದನ್ನು ಗಮನಿಸಬೇಕು.

ಜನಪದ ಪರಂಪರೆಯೂ ಉಂಟು. ಘಟ ಹಾಕುವ ಮನೆಗಳಲ್ಲಿ ನವರಾತ್ರಿಗೆ ದೇವರ ಮುಂದೆ ಮಣ್ಣು ಹರವಿ ಜೋಳ, ಗೋಧಿ ಬಿತ್ತುತ್ತಾರೆ. ಕತ್ತಲ ಕೋಣೆಯಲ್ಲಿ ಬೆಳಕು ಹುಡುಕುತ್ತ ಸಸಿ ಹಳದಿಯಾಗಿ ಉದ್ದಕ್ಕೆ ಏಳುತ್ತದೆ. ಹತ್ತನೇ ದಿನ ಗಂಡಸರ ಟೊಪ್ಪಿಗೆಗೋ ಕಿವಿಯ ಸಂದಿಗೋ ಏರುತ್ತದೆ. ಇನ್ನು ಬಾಗಿಲ ಮೇಲೆ ದೃಷ್ಟಿಗೆಂದು ಬೇರು ಮೇಲೆ, ತಲೆ ಕೆಳಗೆ ಮಾಡಿ ಕಟ್ಟಿದ ಲೋಳೆಸರ. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರು. ಗುಟ್ಟೇನೆಂದರೆ, ಅದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಮಾತ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಒಡಲ ನೀರು ಹೆಚ್ಚು ಆವಿಯಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಹಗಲೆಲ್ಲ ಕದ ಮುಚ್ಚಿಕೊಂಡು ಬಿದ್ದಿದ್ದು, ಹೊತ್ತು ಮುಳುಗಿದ ಮೇಲೆ ಕಟ್ಟೆಗೆ ಬರುವ ನಮ್ಮೂರಿನ ಮಂದಿ ಮಾಡುವುದೂ ಇದನ್ನೇ.

ಪೂರ್ವಸೂರಿಗಳ ಸಮೀಕ್ಷೆ

1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವುಲ್ವರ್ಟನ್ ಎಂಬವರು ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡಗಳನ್ನಿಟ್ಟು, ಬೆಂಜೀನ್ ಮೊದಲಾದ ಕೆಟ್ಟ ಅನಿಲ ಬಿಟ್ಟು ಪರೀಕ್ಷಿಸಿದರು. ಅನಿಲ ಕಡಿಮೆಯಾಯಿತು. ಅಂದಿನಿಂದ ಜಗತ್ತಿನ ನರ್ಸರಿಗಳೆಲ್ಲ ನಾಸಾದ ಹೆಸರಿನಲ್ಲಿ ಗಿಡ ಮಾರುತ್ತಿವೆ. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಹಳೆಯ ಪ್ರಯೋಗಗಳ ಲೆಕ್ಕವನ್ನೆಲ್ಲ ಮತ್ತೆ ತಿರುವಿ ಹಾಕಿದರು. ಕಿಟಕಿ ತೆರೆದರೆ ಆಗುವಷ್ಟು ಗಾಳಿಶುದ್ಧಿ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು.

ನಮ್ಮ ಪಡಸಾಲೆ ಹನ್ನೆರಡು ಅಡಿಗೆ ಹತ್ತಡಿ, ಅಂದರೆ ಸುಮಾರು 11 ಚದರ ಮೀಟರ್. ಕಡಿಮೆಯೆಂದರೆ 110 ಕುಂಡ, ಹೆಚ್ಚೆಂದರೆ 11,000. ಈ ಅಂಕಿಗಳನ್ನು ಅವ್ವನ ಮುಂದೆ ಮಂಡಿಸಲಾಯಿತು.

"ಜ್ವಾಳದ ಚೀಲ ಎಲ್ಲಿಡ್ಲಿ?" ಎಂದಳು.

ಡ್ರೆಕ್ಸೆಲ್ ಪಂಡಿತರು ಈ ಅಂಶವನ್ನು ಪರಿಗಣಿಸಿದಂತಿಲ್ಲ. ನಾಸಾದ ಪೆಟ್ಟಿಗೆಗೂ ನಮ್ಮ ಪಡಸಾಲೆಗೂ ಇನ್ನೊಂದು ವ್ಯತ್ಯಾಸವಿದೆ. ಇದು ಮುಚ್ಚುವುದಿಲ್ಲ. ಬೆಳಗಿನ ಐದಕ್ಕೆ ಕದ ತೆಗೆದರೆ ರಾತ್ರಿ ಒಂಬತ್ತರವರೆಗೆ ಗಾಳಿ, ನಾಯಿ, ಸಾಲ ಕೇಳುವವರು, ಮಜ್ಜಿಗೆ ಕೇಳುವವರು ಎಲ್ಲ ಹಾಯ್ದುಹೋಗುತ್ತಾರೆ. ಪ್ರಕೃತಿಯೇನು, ಊರೇ ಒಳಗಿದೆ.

(1913ರಲ್ಲಿ ಹರಪನಹಳ್ಳಿಯಲ್ಲೇ ಹುಟ್ಟಿದ ಬೀಚಿಯವರು ಈ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಸಂಶೋಧಕನಿಗೆ ಸಾವಿರ ಪದ ಬೇಕಾಗಿದೆ.)

ಕ್ಷೇತ್ರಕಾರ್ಯ

ಮೊದಲ ವಾರ ಅವ್ವ ಗಿಡವನ್ನು ಸುತ್ತು ಹಾಕಿ ನೋಡಿದಳು. ಎರಡನೆಯ ವಾರ ಪ್ರಶ್ನೆ ಬಂತು.

"ಇದು ಹೂ ಬಿಡ್ತೈತೇನಪ?"

ಇಲ್ಲ. ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪದ ಮೂಲದ ಈ ಬಳ್ಳಿ ಹೂ ಬಿಡುವುದು ತೀರ ಅಪರೂಪ, ಕುಂಡದಲ್ಲಂತೂ ಇನ್ನೂ ಅಪರೂಪ.

"ಕಾಯಿ?"

ಹೂವೇ ಇಲ್ಲದ ಮೇಲೆ ಕಾಯಿ ಎಲ್ಲಿಯದು.

"ಎಲಿ ಪಲ್ಯಕ್ಕ ಬರ್ತದೇನು?"

ಬರುವುದಿಲ್ಲ.

"ಹಂಗಾದ್ರ ಇದಕ್ಕ ನೀರ್ಯಾಕ?"

ಹೂವೆಂದರೆ ಹಡಗಲಿ ಮಲ್ಲಿಗೆ ಎಂದು ತಿಳಿದ ಹೆಂಗಸಿನ ಪ್ರಶ್ನೆ ಇದು. ಭೌಗೋಳಿಕ ಸೂಚಕದ ಮುದ್ರೆ ಪಡೆದ ಆ ಮಲ್ಲಿಗೆ, ಹೆರಳೇರಿ ಮನೆಯೊಳಗೆಲ್ಲ ಓಡಾಡುತ್ತದೆ; ಅದಕ್ಕೆ ಕುಂಡವೂ ಬೇಕಿಲ್ಲ. ಅವ್ವನ ಪ್ರಶ್ನೆಗೆ ಲಭ್ಯವಿರುವ ಯಾವ ಸಾಹಿತ್ಯದಲ್ಲೂ ಉತ್ತರ ಸಿಗಲಿಲ್ಲ.

ಮೂರನೆಯ ವಾರ, ಮಧ್ಯಾಹ್ನ, ಆಡು ಒಳಗೆ ಬಂತು. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ಪ್ರಯೋಗಕ್ಕೆ ಒಡ್ಡುವ ಅವಕಾಶ ಬಿಡಬಾರದೆಂದು ಸಂಶೋಧಕ ಕಂಬಕ್ಕೆ ಆತು ನಿಂತ. ಆಡು ದೊಡ್ಡದೊಂದು ಎಲೆ ಹರಿಯಿತು, ಎರಡು ಸಲ ಅಗಿಯಿತು, ನಿಲ್ಲಿಸಿತು. ಸಂಶೋಧಕನ ಮುಖ ನೋಡಿತು. ಕಿವಿ ಒದರಿ, ಎಲೆ ಉಗುಳಿ, ಬಂದ ದಾರಿಯಲ್ಲೇ ಹೋಯಿತು. ಈ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ, ಬಾಯಿಗೆ ಚುಚ್ಚುತ್ತವೆ. ಆಡುಸೋಗೆಯನ್ನು ಆಡು ಮೊದಲೇ ಬಿಟ್ಟಿತ್ತು. ಬಳ್ಳಾರಿ ಜಾಲಿಯದೂ ಅದೇ ಕತೆ: ಎಲೆಗೆ ಬಾಯಿ ಹಾಕದೆ ಕಾಯಿ ಮಾತ್ರ ತಿಂದು, ಹಿಕ್ಕೆಯ ಜೊತೆ ಬೀಜ ಉದುರಿಸಿ, ಅಮೆರಿಕ ಖಂಡದಿಂದ ಬಂದ ಆ ಮುಳ್ಳನ್ನು ಜಿಲ್ಲೆಯ ಆರೂ ತಾಲ್ಲೂಕಿಗೆ ಹಂಚಿದೆ. ಈಗ ಗಾದೆಗೆ ಮೂರನೆಯ ಅಪವಾದವೂ ಸೇರಿತು. ಸಂಶೋಧಕನ ಮೌಲಿಕ ಕೊಡುಗೆ ಇದೊಂದೇ.

ಆರಿದ್ರಾ ಮಳೆ

ಪ್ರಕೃತಿಯನ್ನು ಒಳಗೆ ಕರೆಯಬೇಕು ಎನ್ನುವವರು ಮಣ್ಣಿನ ಮಾಳಿಗೆಯ ಕೆಳಗೆ ಒಂದು ಮಳೆಗಾಲ ಕಳೆದಿರಲಾರರು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮೊಣಕೈಯುದ್ದ ಮಣ್ಣು. ನಾಲ್ಕು ಹದಮಳೆ ಬಿದ್ದರೆ ತಾರಸಿ ತೋಟ ತಾನೇ ತಯಾರು: ಹುಲ್ಲು, ಗರಿಕೆ, ಒಂದೆರಡು ತುಂಬೆ. ಆ ಬೇರು ಹಿಡಿದೇ ನೀರು ಕೆಳಗಿಳಿಯುತ್ತದೆ. ಶಿಶುನಾಳ ಶರೀಫರು ಈ ಸಮಸ್ಯೆಯನ್ನು ಅಧ್ಯಾತ್ಮಕ್ಕೆ ತಿರುಗಿಸಿದರು. ಅವ್ವ ಪಾತ್ರೆಗೆ ತಿರುಗಿಸಿದಳು. ಆ ರಾತ್ರಿ ಬೋಗುಣಿ, ಚರಿಗೆ, ಕೊಡ, ಹಾಲಿನ ಗಿಂಡಿ ಎಂದು ಹತ್ತು ಪಾತ್ರೆಗಳು ಪಡಸಾಲೆಯಲ್ಲಿ ಹರಡಿದವು. ಹನ್ನೊಂದನೆಯ ಹನಿಗೆ ಪಾತ್ರೆ ಸಾಲದೆ ಪಿಂಗಾಣಿ ಕುಂಡವನ್ನೇ ಎಳೆದಳು.

ನೀರು ತೊಟ್ಟಿಕ್ಕುವ ಸದ್ದು ಕೇಳಿಸಿ ಮಲಗಿಸುವ ಆ್ಯಪುಗಳಿವೆಯಂತೆ. ಇಲ್ಲಿ ಹನ್ನೊಂದು ಶ್ರುತಿಯಲ್ಲಿ ತೊಟ್ಟಿಕ್ಕುತ್ತಿತ್ತು, ಚಂದಾ ಕೊಡಬೇಕಿರಲಿಲ್ಲ. ಅವ್ವ ಮಲಗಲಿಲ್ಲ, ಸಂಶೋಧಕ ಮಲಗಲಿಲ್ಲ. ದೊಡ್ಡಪ್ಪ ಮಾತ್ರ ಒಣಗಿದ ಮೂಲೆಯೊಂದರಲ್ಲಿ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಎರೆಹೊಲಕ್ಕೆ ಮೆಕ್ಕೆಜೋಳ ಬಿತ್ತಿ ಎಂಟು ದಿನವಾಗಿತ್ತು. ಸಂಶೋಧಕ ಇದನ್ನು ಟಿಪ್ಪಣಿ ಮಾಡಿಕೊಂಡ. ಪ್ರಬಂಧದ ವಿಷಯಕ್ಕೆ ಸಂಬಂಧವಿಲ್ಲವೆಂದು ಆಮೇಲೆ ಹೊಡೆದುಹಾಕಿದ.

ಮೂರು ದಿನ ಮಳೆ ಹಿಡಿಯಿತು. ತಳದಲ್ಲಿ ತೂತಿಲ್ಲದ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯಿತು, ಎಲೆ ಹಳದಿಯಾಗಿ ಕಳಚಿತು. ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಅಕ್ಕರೆಯ ನೀರಿಗೇ ಹೆಚ್ಚು ಸಾಯುತ್ತವೆ. ಬೆಂಗಳೂರಿನಿಂದ ಫೋನು ಬಂದಾಗ ಅವ್ವ, "ನಿನ್ನ ಕುಂಡ ಭಾಳ ಉಪಯೋಗಕ್ಕ ಬಂತು ನೋಡಪ" ಎಂದಳು. ಸುಳ್ಳಲ್ಲ.

ಉಪಸಂಹಾರ

ಬರೆಯಲು ಕುಳಿತ ದಿನವೇ ಕುಂಡದಿಂದ ಮಣ್ಣು ತೆಗೆದು, ಬಿಸಿಲಿಗಿಟ್ಟು, ಅವ್ವ ಒಳಗೆ ಭತ್ತದ ಹುಲ್ಲು ಹಾಸಿದಳು. ಈಗ ಅದರಲ್ಲಿ ಒಂಬತ್ತು ಮೊಟ್ಟೆ, ಮೇಲೆ ಕೆಂಪು ಕೋಳಿ. ಮೂರು ದಿನದಿಂದ ಕಣ್ಣು ಅರ್ಧ ಮುಚ್ಚಿ ಕೂತಿದೆ. ನಾಯಿ ಬಂದರೂ ಏಳುವುದಿಲ್ಲ, ಸಾಲ ಕೇಳುವವರು ಬಂದರೂ ಏಳುವುದಿಲ್ಲ. ಮೊಟ್ಟೆ ಮರಿಯಾಗಲು 21 ದಿನ ಬೇಕು. ಅಲ್ಲಿಯವರೆಗೆ ಅಧ್ಯಯನ ಮುಂದೂಡಲಾಗಿದೆ. ಓದುಗರು, ವಿಶೇಷವಾಗಿ ಬೆಂಗಳೂರಿನಿಂದ ಬರುವವರು, ಪಡಸಾಲೆಯ ಆ ಮೂಲೆಗೆ ಹೋಗಬಾರದಾಗಿ ವಿನಂತಿ.